ಬಸುರಿಗೆ ಶುಗರ್ ಬರುವುದು ಹೇಗೆ, ತಡೆಯಬೇಕಾದ್ದು ಯಾವಾಗ

ಬಸುರಿ ತಪಾಸಣೆಗೆ ಹೋದಾಗ ಸಿಸ್ಟರ್ ಒಂದು ಲೋಟ ಸಿಹಿನೀರು ಕೈಗೆ ಕೊಡುತ್ತಾರೆ. 300 ಮಿ.ಲೀ. ನೀರಿನಲ್ಲಿ ಕರಗಿಸಿದ 75 ಗ್ರಾಂ ಗ್ಲೂಕೋಸ್ ಪುಡಿ. ಐದು-ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು. ಮೊದಲೇ ಹೊಟ್ಟೆ ತೊಳಸುತ್ತಿರುವವರಿಗೆ ಇದು ಸುಲಭದ ಕೆಲಸವಲ್ಲ. ಅರ್ಧ ಗಂಟೆಯೊಳಗೆ ವಾಂತಿಯಾಯಿತೋ, ಮಾರನೇ ದಿನ ಮತ್ತೆ ಮೊದಲಿಂದ. ಆಗದಿದ್ದರೆ ಎರಡು ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದು ಆಮೇಲೆ ರಕ್ತ ಕೊಡಬೇಕು. ರಕ್ತದ ಸಕ್ಕರೆ 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಜಿಡಿಎಂ ಎಂದು ಬರೆದುಕೊಳ್ಳುತ್ತಾರೆ. ಅಂದರೆ, ಬಸಿರಿನಲ್ಲಿ ಕಾಣಿಸಿಕೊಂಡ ಸಕ್ಕರೆ ಕಾಯಿಲೆ.

ಅಲ್ಲಿಂದ ಮನೆಯಲ್ಲಿ ವಿಚಾರಣೆ ಶುರು. ‘ಮಾವಿನಹಣ್ಣು ಅಷ್ಟು ತಿನ್ನಬೇಡ ಅಂತ ಹೇಳಿರಲಿಲ್ವಾ?’ ಎಂದು ಒಬ್ಬರು. ‘ನಮ್ಮ ಕಡೆ ಯಾರಿಗೂ ಇಲ್ಲಪ್ಪ’ ಎಂದು ಇನ್ನೊಬ್ಬರು. ಪಾಪ, ಆ ಹುಡುಗಿ ಸಿಹಿ ಮುಟ್ಟದೆ ಇದ್ದಿರಬಹುದು. ಆದರೂ ತಪ್ಪೆಲ್ಲ ಅವಳ ತಲೆಗೆ. ಈ ಕಾಯಿಲೆ ಸಿಹಿ ತಿಂದಿದ್ದರಿಂದಲೇ ಬರುವಂಥದ್ದಲ್ಲ. ಅದರ ಕತೆ ಶುರುವಾಗುವುದು ಬೇರೆ ಕಡೆ, ಸಾಮಾನ್ಯವಾಗಿ ಬಸಿರಿಗೂ ಎಷ್ಟೋ ವರ್ಷ ಮೊದಲು.

ಮೊದಲು, ಬಸಿರಿನಲ್ಲಿ ಏನಾಗುತ್ತದೆ ನೋಡೋಣ.

ನಾವು ತಿಂದ ಅನ್ನ, ಮುದ್ದೆ, ಚಪಾತಿ ಎಲ್ಲವೂ ಕೊನೆಗೆ ಗ್ಲೂಕೋಸ್ ಆಗಿ ರಕ್ತ ಸೇರುತ್ತವೆ. ಆ ಗ್ಲೂಕೋಸ್ ಮಾಂಸಖಂಡದ ಒಳಗೆ ಹೋಗಬೇಕಾದರೆ ಇನ್ಸುಲಿನ್ ಬೇಕು. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜ್ಜೀರಕ ಗ್ರಂಥಿ ಅದನ್ನು ತಯಾರಿಸುತ್ತದೆ. ಇದು ಎಲ್ಲರ ಮೈಯಲ್ಲೂ ನಡೆಯುವ ಮಾಮೂಲಿ ಕೆಲಸ.

ಬಸಿರಿನ ಮೊದಲ ಮೂರು ತಿಂಗಳು ತಾಯಿಯ ಸಕ್ಕರೆ ಸ್ವಲ್ಪ ಕಡಿಮೆಯೇ ಇರುತ್ತದೆ. ಐದನೇ ತಿಂಗಳ ಹೊತ್ತಿಗೆ ಲೆಕ್ಕ ಬದಲಾಗುತ್ತದೆ. ಮಗುವಿಗೆ ಊಟ ತಲುಪಿಸುವ ಮಾಸು, ಅಂದರೆ ಪ್ಲಾಸೆಂಟಾ, ಆಗ ದೊಡ್ಡದಾಗಿರುತ್ತದೆ. ಅದು ಬರೀ ಊಟದ ದಾರಿಯಲ್ಲ, ಹಾರ್ಮೋನುಗಳ ಕಾರ್ಖಾನೆಯೂ ಹೌದು. ಪ್ಲಾಸೆಂಟಲ್ ಲ್ಯಾಕ್ಟೋಜನ್, ಒಂದು ಬಗೆಯ ಗ್ರೋತ್ ಹಾರ್ಮೋನ್, ಪ್ರೊಜೆಸ್ಟೆರಾನ್ ಅಲ್ಲಿಂದ ತಾಯಿಯ ರಕ್ತಕ್ಕೆ ಸೇರುತ್ತವೆ. ಇದೇ ಸಮಯಕ್ಕೆ ಕಾರ್ಟಿಸಾಲ್ ಎಂಬ ಹಾರ್ಮೋನ್ ಕೂಡ ಏರುತ್ತದೆ. ಇವೆಲ್ಲ ಸೇರಿ ತಾಯಿಯ ಮಾಂಸಖಂಡ ಮತ್ತು ಕೊಬ್ಬು ಇನ್ಸುಲಿನ್ ಮಾತು ಕೇಳದಂತೆ ಮಾಡುತ್ತವೆ.

ಮಾಸು ಹಾಗೇಕೆ ಮಾಡಬೇಕು? ಮಗುವಿಗೋಸ್ಕರ. ತಾಯಿ ಉಂಡ ತಕ್ಷಣ ಅವಳ ಮೈಯೇ ಗ್ಲೂಕೋಸನ್ನೆಲ್ಲ ಎಳೆದುಕೊಂಡರೆ ಮಗುವಿಗೆ ಏನು ಉಳಿಯುತ್ತದೆ? ಅದಕ್ಕೇ ತಾಯಿಯ ಮೈಯನ್ನು ಕೊಬ್ಬು ಉರಿಸುವ ಕಡೆಗೆ ತಿರುಗಿಸಿ, ಗ್ಲೂಕೋಸನ್ನು ರಕ್ತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ಉಳಿಸುವ ಏರ್ಪಾಡು ಇದು. ಎಲ್ಲ ಬಸುರಿಯರಲ್ಲೂ ಆಗುತ್ತದೆ. ದಿನ ತುಂಬುವ ಹೊತ್ತಿಗೆ ಇನ್ಸುಲಿನ್‌ನ ಪ್ರಭಾವ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಇದನ್ನು ಸರಿದೂಗಿಸಲು ಮೇದೋಜ್ಜೀರಕ ಎರಡರಿಂದ ಮೂರು ಪಟ್ಟು ಇನ್ಸುಲಿನ್ ತಯಾರಿಸಬೇಕು. ಹೆಚ್ಚಿನವರಲ್ಲಿ ತಯಾರಿಸುತ್ತದೆ ಕೂಡ. ಹಾಗಾಗಿ ಅವರಿಗೆ ಏನೂ ಗೊತ್ತೇ ಆಗುವುದಿಲ್ಲ.

ಕೆಲವರಲ್ಲಿ ಅಷ್ಟು ಸಾಮರ್ಥ್ಯ ಇರುವುದಿಲ್ಲ. ತುಂಬಿದ ಲಾರಿಯೊಂದು ಶಿರಾಡಿ ಘಾಟಿ ಹತ್ತುವುದನ್ನು ನೆನಪಿಸಿಕೊಳ್ಳಿ. ಬಯಲಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಎಂಜಿನ್ನಿನ ದಮ್ಮು ಎಷ್ಟಿದೆ ಎಂದು ಗೊತ್ತಾಗುವುದು ಏರಿನಲ್ಲಿ. ಬಸಿರು ಮೇದೋಜ್ಜೀರಕಕ್ಕೆ ಅಂಥ ಏರು. ಏರು ಹೊಸದು, ಎಂಜಿನ್ನಿನ ದೌರ್ಬಲ್ಯ ಹಳೆಯದು. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ಹೆಚ್ಚಿನವರಲ್ಲಿ ಸಕ್ಕರೆ ಬೇಗ ಮಾಮೂಲಿಗೆ ಇಳಿಯುತ್ತದೆ. ‘ಹೋಯ್ತಲ್ಲ, ಮುಗೀತು’ ಎಂದು ಎಲ್ಲರೂ ನಿರಾಳವಾಗುತ್ತಾರೆ. ಮುಗಿದದ್ದು ಏರು ಮಾತ್ರ.

ಯಾರ ಮೇದೋಜ್ಜೀರಕಕ್ಕೆ ದಮ್ಮು ಕಡಿಮೆ? ಅಪ್ಪ-ಅಮ್ಮ, ಅಕ್ಕ-ಅಣ್ಣಂದಿರಿಗೆ ಶುಗರ್ ಇದ್ದರೆ, ಬಸಿರಿಗೆ ಮೊದಲೇ ತೂಕ ಜಾಸ್ತಿಯಿದ್ದರೆ, ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದರೆ, ವಯಸ್ಸು ಮೂವತ್ತು ದಾಟಿದ್ದರೆ, ಹಿಂದಿನ ಬಸಿರಿನಲ್ಲಿ ಶುಗರ್ ಬಂದಿದ್ದರೆ ಸಾಧ್ಯತೆ ಹೆಚ್ಚು. ಇದಕ್ಕೆಲ್ಲ ಭಾರತದವರು ಎಂಬುದನ್ನೂ ಸೇರಿಸಬೇಕು. ನಮ್ಮಲ್ಲಿ ಅದೇ ತೂಕದ ಯುರೋಪಿನವರಿಗಿಂತ ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ. ಅದೂ ಹೊಟ್ಟೆಯ ಸುತ್ತ. ಕೈಕಾಲು ಸಣ್ಣಗಿರುವವರನ್ನೂ ನಂಬುವ ಹಾಗಿಲ್ಲ. ಅದಕ್ಕೇ ನಮಗೆ ತೂಕದ ಗೆರೆಯನ್ನು ಕೆಳಗೆ ಎಳೆದಿದ್ದಾರೆ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 25 ಅಲ್ಲ, 23 ದಾಟಿದರೇ ಹೆಚ್ಚು ತೂಕ. 155 ಸೆಂ.ಮೀ. ಎತ್ತರದ ಹೆಂಗಸಿಗೆ ಅದು ಸುಮಾರು 55 ಕೆಜಿ. ನಮ್ಮ ಕಣ್ಣಿಗೆ ಅವಳು ‘ಮೈಕೈ ತುಂಬಿಕೊಂಡು ಲಕ್ಷಣವಾಗಿ’ ಇರುತ್ತಾಳೆ, ಅಷ್ಟೇ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಅಂದಾಜಿನಂತೆ ದೇಶದಲ್ಲಿ ಬಸುರಿಯರ ಪೈಕಿ ಶೇ. 10ರಿಂದ 14ರಷ್ಟು ಮಂದಿಗೆ ಈ ತೊಂದರೆ ಇದೆ.

ಇನ್ನು ಮಗುವಿನ ವಿಷಯ. ಗ್ಲೂಕೋಸ್ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಮುಂದಿನ ತೊಂದರೆಗಳೆಲ್ಲ ಹುಟ್ಟುವುದು ಇದರಿಂದಲೇ. ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಮಗುವಿಗೂ ಹೆಚ್ಚು ಸಕ್ಕರೆ. ಅದನ್ನು ನಿಭಾಯಿಸಲು ಮಗುವಿನ ಪುಟ್ಟ ಮೇದೋಜ್ಜೀರಕವೇ ಹೆಚ್ಚು ಇನ್ಸುಲಿನ್ ಸುರಿಸಬೇಕು. ಇನ್ಸುಲಿನ್ ಬೆಳವಣಿಗೆಯ ಹಾರ್ಮೋನ್ ಕೂಡ. ಹಾಗಾಗಿ ಮಗು ಕೊಬ್ಬು ತುಂಬಿಕೊಂಡು ದಪ್ಪಗಾಗುತ್ತದೆ, ಹೆಗಲು ಹೊಟ್ಟೆ ಅಗಲವಾಗುತ್ತವೆ. ಹೆರಿಗೆಯಲ್ಲಿ ತಲೆ ಹೊರಬಂದ ಮೇಲೆ ಹೆಗಲು ಸಿಕ್ಕಿಕೊಳ್ಳುವ ಅಪಾಯ ಇರುವುದು ಅದಕ್ಕೇ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಂತುಹೋಗುತ್ತದೆ. ಮಗುವಿನ ಮೈಯಲ್ಲಿ ಇನ್ಸುಲಿನ್ ಮಾತ್ರ ಇನ್ನೂ ಜಾಸ್ತಿಯೇ ಇರುತ್ತದೆ. ಆಗ ಮಗುವಿನ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಶುಗರ್ ಇದ್ದ ತಾಯಿಯ ಮಗುವಿಗೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿಸಲು ಸಿಸ್ಟರುಗಳು ಅವಸರ ಮಾಡುವುದು, ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡುವುದು ಇದಕ್ಕೇ. ಮನೆಯವರು ‘ಈಗಷ್ಟೇ ಹುಟ್ಟಿದ ಕೂಸಿಗೆ ಚುಚ್ತಾರಲ್ಲ’ ಎಂದು ಸಂಕಟಪಡುತ್ತಾರೆ. ಚುಚ್ಚಲಿ ಬಿಡಿ.

ತಾಯಿಗೆ ಬಿಪಿ ಏರುವುದು, ಮಗುವಿನ ಸುತ್ತಲಿನ ನೆತ್ತಿನೀರು ಜಾಸ್ತಿಯಾಗುವುದು, ಸಿಸೇರಿಯನ್ ಆಗುವುದು ಇವೂ ಹೆಚ್ಚು. ಹೆದರಿಸಲು ಹೇಳುತ್ತಿಲ್ಲ. ಚಿಕಿತ್ಸೆ ಕೊಟ್ಟರೆ ಫಲ ಇದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಉಂಟು. 2005ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಇಂಥ ಸುಮಾರು 1,000 ಬಸುರಿಯರನ್ನು ಎರಡು ಗುಂಪು ಮಾಡಿದ್ದರು. ಊಟದ ಸಲಹೆ, ಶುಗರ್ ತಪಾಸಣೆ, ಬೇಕಾದರೆ ಇನ್ಸುಲಿನ್ ಪಡೆದ ಗುಂಪಿನಲ್ಲಿ ಶಿಶುಗಳಿಗೆ ಗಂಭೀರ ತೊಂದರೆ ಆದದ್ದು ಶೇ. 1. ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ. 4.

140 ಯಾಕೆ, 92 ಯಾಕೆ

ಒಂದು ಲ್ಯಾಬಿನಲ್ಲಿ ‘ಖಾಲಿ ಹೊಟ್ಟೇಲಿ ಬನ್ನಿ’ ಎನ್ನುತ್ತಾರೆ. ಇನ್ನೊಂದು ಕಡೆ ‘ತಿಂಡಿ ತಿಂದಿದ್ರೂ ಪರ್ವಾಗಿಲ್ಲ’ ಎನ್ನುತ್ತಾರೆ. ಎರಡೂ ತಪ್ಪಲ್ಲ. ಯಾವ ಸಂಖ್ಯೆ ದಾಟಿದರೆ ಕಾಯಿಲೆ ಎನ್ನಬೇಕು ಎಂಬುದರ ಬಗ್ಗೆ ವೈದ್ಯರಲ್ಲೇ ದಶಕಗಳಿಂದ ವಾದ ಇದೆ. 1964ರಲ್ಲಿ ಬಾಸ್ಟನ್ನಿನಲ್ಲಿ ಓ’ಸಲಿವಾನ್ ಮತ್ತು ಮಹಾನ್ ಎಂಬ ಸಂಶೋಧಕರು 752 ಬಸುರಿಯರ ಫಲಿತಾಂಶದಿಂದ ಮೊದಲ ಗೆರೆ ಎಳೆದರು. ಅವರು ನೋಡಿದ್ದು ಮಗುವನ್ನಲ್ಲ, ತಾಯಿಗೆ ಮುಂದೆ ಸಕ್ಕರೆ ಕಾಯಿಲೆ ಬರುತ್ತದೆಯೇ ಎಂಬುದನ್ನು. 2008ರಲ್ಲಿ ಒಂಬತ್ತು ದೇಶಗಳ ದೊಡ್ಡ ಅಧ್ಯಯನ ಹೊರಬಂತು. ತಾಯಿಯ ಸಕ್ಕರೆ ಏರಿದಂತೆ ಮಗುವಿನ ತೊಂದರೆಯೂ ಹಂತಹಂತವಾಗಿ ಏರುತ್ತದೆ, ‘ಇಲ್ಲಿವರೆಗೆ ಸೇಫ್’ ಎನ್ನುವ ಗೆರೆಯೇ ಇಲ್ಲ ಎಂದು ಅದು ತೋರಿಸಿತು. ಆ ಒಂಬತ್ತರಲ್ಲಿ ಭಾರತ ಇರಲಿಲ್ಲ ಅನ್ನುವುದು ಬೇರೆ ಮಾತು. ಆಮೇಲೆ ಬಂದ ಅಂತರರಾಷ್ಟ್ರೀಯ ಗೆರೆ: ಖಾಲಿ ಹೊಟ್ಟೆಯಲ್ಲಿ 92, ಗ್ಲೂಕೋಸ್ ಕುಡಿದು ಒಂದು ಗಂಟೆಗೆ 180, ಎರಡು ಗಂಟೆಗೆ 153. ಇದರಲ್ಲಿ ಯಾವುದಾದರೂ ಒಂದು ಮುಟ್ಟಿದರೂ ಜಿಡಿಎಂ.

ನಮ್ಮ ಸರ್ಕಾರಿ ಆಸ್ಪತ್ರೆಗಳ ಒಂದೇ ಸಲದ, 140ರ ಗೆರೆಯ ಪರೀಕ್ಷೆಯ ಹಿಂದೆ ಚೆನ್ನೈನ ವೈದ್ಯ ವಿ. ಶೇಷಯ್ಯ ಅವರ ದುಡಿಮೆ ಇದೆ. ಅವರು ಹುಟ್ಟಿದ ದಿನ ಮಾರ್ಚ್ 10ನ್ನು ದೇಶದಲ್ಲಿ ಈ ಕಾಯಿಲೆಯ ಜಾಗೃತಿ ದಿನವಾಗಿ ಆಚರಿಸುತ್ತಾರೆ. ಹಳ್ಳಿಯಿಂದ ಎರಡು ಬಸ್ ಹಿಡಿದು ಬರುವ ಬಸುರಿಗೆ ಉಪವಾಸ ಬಾ ಎಂದರೆ ಆಗುತ್ತದಾ? ಮೂರು ಸಲ ರಕ್ತ ತೆಗೆಯಲು ಕೂರಿಸಿಕೊಂಡರೆ ಅವಳ ಬಸ್ಸೇ ಹೋಗಿರುತ್ತದೆ. ಉಂಡಿರಲಿ ಬಿಡಲಿ, ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ಒಂದೇ ಸಲ ನೋಡುವ ಕ್ರಮ ನಮ್ಮ ಊರುಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಕೆಲವರ ಕಾಯಿಲೆ ಇದರಲ್ಲಿ ತಪ್ಪಿಸಿಕೊಳ್ಳಬಹುದು ಎಂಬ ಟೀಕೆಯೂ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ನಡೆಯದೇ ಉಳಿಯುವ ಒಳ್ಳೆಯ ಪರೀಕ್ಷೆಗಿಂತ ನಡೆಯುವ ಪರೀಕ್ಷೆ ಮೇಲು ಅನ್ನುವುದು ನನ್ನ ಅಭಿಪ್ರಾಯ. ನೆನಪಿಡಬೇಕಾದ್ದು: ಮೊದಲ ಭೇಟಿಯಲ್ಲೇ ಒಂದು ಸಲ, ಅಲ್ಲಿ ಸರಿಯಿದ್ದರೆ 24ರಿಂದ 28 ವಾರದೊಳಗೆ ಇನ್ನೊಂದು ಸಲ. ‘ಮೊದಲು ನಾರ್ಮಲ್ ಬಂದಿತ್ತಲ್ಲ’ ಎಂದು ಎರಡನೆಯದನ್ನು ಬಿಡಬಾರದು. ಮಾಸಿನ ಹಾರ್ಮೋನುಗಳ ಆಟ ಜೋರಾಗುವುದೇ ಆಗ.

ತಡೆಯಲು ಆಗುತ್ತದಾ?

ಪೂರ್ತಿ ತಡೆಯುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಧ್ಯತೆ ಕಡಿಮೆ ಮಾಡಬಹುದು. ಯಾವಾಗ ಶುರು ಮಾಡುತ್ತೀರಿ ಎನ್ನುವುದರ ಮೇಲೆ ಅದು ನಿಂತಿದೆ.

ಬಸುರಿಯಾಗಿ ಕೆಲವು ತಿಂಗಳು ಕಳೆದ ಮೇಲೆ ಊಟ, ವ್ಯಾಯಾಮ ಬದಲಿಸಿ ಜಿಡಿಎಂ ತಡೆಯಲು ಹೊರಟ ದೊಡ್ಡ ಪ್ರಯೋಗಗಳು ಸೋತಿವೆ. ಬ್ರಿಟನ್ನಿನಲ್ಲಿ ದಪ್ಪಗಿದ್ದ 1,500ಕ್ಕೂ ಹೆಚ್ಚು ಬಸುರಿಯರ ಜೊತೆ ಹೀಗೆ ಪ್ರಯತ್ನಿಸಿ ನೋಡಿದ್ದರು. ಅವರ ತೂಕ ಸ್ವಲ್ಪ ಹಿಡಿತಕ್ಕೆ ಬಂತು, ಜಿಡಿಎಂ ಕಡಿಮೆಯಾಗಲಿಲ್ಲ. ಫಿನ್‌ಲ್ಯಾಂಡಿನಲ್ಲಿ ಇನ್ನೂ ಸ್ವಲ್ಪ ಮೊದಲೇ ಶುರು ಮಾಡಿದಾಗ ಫಲ ಕಂಡಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಮುಂಬೈನದು. ಅಲ್ಲಿನ ಕೊಳೆಗೇರಿಗಳ ಹೆಂಗಸರಿಗೆ ದಿನಾ ಒಂದು ತಿಂಡಿ ಕೊಟ್ಟರು, ನೋಡಲು ಸಮೋಸ ಬಜ್ಜಿಯಂಥದ್ದು. ಒಳಗೆ ಸೊಪ್ಪು, ಹಣ್ಣು, ಹಾಲಿನ ಪುಡಿ. ಇನ್ನೊಂದು ಗುಂಪಿಗೆ ಅದೇ ಥರದ ತಿಂಡಿ, ಒಳಗೆ ಆಲೂಗಡ್ಡೆ ಈರುಳ್ಳಿಯಂಥ ತರಕಾರಿ. ಮುಖ್ಯ ಸಂಗತಿ ಎಂದರೆ, ಇದನ್ನು ಶುರು ಮಾಡಿದ್ದು ಅವರು ಬಸುರಿಯಾಗುವುದಕ್ಕೂ ಮುಂಚೆ. ಆಮೇಲೆ ಬಸಿರಿನಲ್ಲೂ ಮುಂದುವರಿಸಿದರು. ಸೊಪ್ಪು-ಹಣ್ಣು-ಹಾಲಿನ ಗುಂಪಿನಲ್ಲಿ ಜಿಡಿಎಂ ಬಂದದ್ದು ಶೇ. 7.3ರಷ್ಟು ಮಂದಿಗೆ, ಇನ್ನೊಂದು ಗುಂಪಿನಲ್ಲಿ ಶೇ. 12.4. ಮಾತ್ರೆಯಲ್ಲ, ಪೌಡರ್ ಅಲ್ಲ, ಹೊಟ್ಟೆ ಕಟ್ಟುವ ಡಯಟ್ ಅಲ್ಲ. ದಿನಕ್ಕೊಂದು ತಿಂಡಿ.

ನಮ್ಮಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರಿಗೆ ಬಿಸಿಯೂಟ ಕೊಡುತ್ತದೆ. ಒಳ್ಳೆಯ ಯೋಜನೆ. ಆದರೆ ಅದು ಶುರುವಾಗುವುದು ಬಸುರಿ ಎಂದು ಹೆಸರು ಬರೆಸಿದ ಮೇಲೆ. ಮದುವೆಯಾಗಿ ಇನ್ನೂ ಮಗುವಿನ ಯೋಚನೆಯಲ್ಲಿರುವ ಹುಡುಗಿಯ ತಟ್ಟೆಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಮನೆಯಲ್ಲೂ ಕೇಳುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳಿಗೆ ಉಳಿಯುವುದು ಅನ್ನ-ಸಾರು. ಪಲ್ಯ ಖಾಲಿ, ಮೊಟ್ಟೆ ಖಾಲಿ. ‘ವಿಶೇಷ’ ಇದೆ ಎಂದು ಗೊತ್ತಾದ ಮೇಲೆ ಮಾತ್ರ ಉಪಚಾರವೋ ಉಪಚಾರ. ನನ್ನ ಪ್ರಕಾರ ತಡೆಯ ಅರ್ಧ ಕೆಲಸ ಇಲ್ಲೇ ಇದೆ: ಬಸಿರಿಗೆ ಆರೇಳು ತಿಂಗಳು ಮೊದಲೇ ಅವಳಿಗೆ ದಿನಾ ಸೊಪ್ಪು, ಕಾಳು, ಹಾಲು ಅಥವಾ ಮೊಸರು, ಒಂದು ಹಣ್ಣು ಸಿಗಬೇಕು. ತೂಕ ಜಾಸ್ತಿಯಿದ್ದರೆ ಆಗಲೇ ಇಳಿಸಬೇಕು, ಬಸಿರಿನಲ್ಲಿ ಅಲ್ಲ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಮಾಂಸಖಂಡ ದುಡಿದರೆ ಅದಕ್ಕೆ ಗ್ಲೂಕೋಸ್ ಎಳೆದುಕೊಳ್ಳಲು ಇನ್ಸುಲಿನ್ ಅಷ್ಟಾಗಿ ಬೇಕಾಗುವುದಿಲ್ಲ.

ಬಸುರಿಯಾದ ಮೇಲೆ ‘ಇಬ್ಬರಿಗಾಗುವಷ್ಟು ತಿನ್ನು’ ಎನ್ನುವ ಮಾತಿದೆಯಲ್ಲ, ಅದನ್ನು ಪಕ್ಕಕ್ಕಿಡಿ. ಬಸಿರಿನಲ್ಲಿ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು ಸುಮಾರು 350 ಕ್ಯಾಲೊರಿ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಬೀಜದಲ್ಲಿ ಅದು ಮುಗಿದುಹೋಗುತ್ತದೆ. ಡಾಕ್ಟರ್ ಬೇಡ ಎಂದಿಲ್ಲದಿದ್ದರೆ ನಡಿಗೆ ನಿಲ್ಲಿಸಬೇಕಾಗಿಲ್ಲ.

ಶುಗರ್ ಬಂದಾಗಿದ್ದರೆ

ಆಗಲೂ ಉಪವಾಸ ಮದ್ದಲ್ಲ. ಅನ್ನ ಪೂರ್ತಿ ಬಿಟ್ಟರೆ ಮೈ ಕೊಬ್ಬನ್ನೇ ಕರಗಿಸಿ ಕೀಟೋನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಮಗುವಿಗೆ ಅದು ಒಳ್ಳೆಯದಲ್ಲ. ಒಂದೇ ಸಲ ತುಂಬಿಕೊಳ್ಳುವ ಬದಲು ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ ಎಂದು ಹಂಚಿಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟದ್ದು ಬೆಳಗಿನ ತಿಂಡಿ. ಬೆಳಗ್ಗೆ ಕಾರ್ಟಿಸಾಲ್ ಹೆಚ್ಚಿರುವುದರಿಂದ ಇನ್ಸುಲಿನ್ ಇನ್ನಷ್ಟು ಮೊಂಡಾಗಿರುತ್ತದೆ. ನಮ್ಮ ತಿಂಡಿಗಳೋ, ಇಡ್ಲಿ, ಅವಲಕ್ಕಿ, ಉಪ್ಪಿಟ್ಟು, ಚಿತ್ರಾನ್ನ, ಎಲ್ಲ ಪಿಷ್ಟವೇ. ಮೇಲೆ ಸಕ್ಕರೆ ಹಾಕಿದ ಕಾಫಿ. ನಾಲ್ಕು ಇಡ್ಲಿಯ ಬದಲು ಎರಡು ಇಡ್ಲಿ, ಬೇಳೆ ಮುಂದಾದ ಒಂದು ಬಟ್ಟಲು ಸಾಂಬಾರ್, ಜೊತೆಗೆ ಬೇಯಿಸಿದ ಮೊಟ್ಟೆ ಅಥವಾ ಹೆಸರುಕಾಳಿನ ಉಸ್ಲಿ ಇಟ್ಟುಕೊಂಡು, ಕಾಫಿಗೆ ಸಕ್ಕರೆ ಬಿಟ್ಟು ನೋಡಿ. ಗ್ಲೂಕೋಮೀಟರ್ ಮನೆಯಲ್ಲಿದ್ದರೆ ಎರಡು ಗಂಟೆ ಬಿಟ್ಟು ಎರಡು ದಿನದ ಅಂಕಿ ಹೋಲಿಸಿ. ಯಾರ ಉಪದೇಶಕ್ಕಿಂತಲೂ ಅದು ಚೆನ್ನಾಗಿ ಹೇಳುತ್ತದೆ.

ರಾಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಜಗಳಕ್ಕೆ ಬಂದರೂ ಸರಿ. ರಾಗಿ ಒಳ್ಳೆಯದೇ, ಕ್ಯಾಲ್ಸಿಯಂ ಇದೆ, ನಾರಿದೆ. ಹಾಗಂತ ಎಷ್ಟು ಮುದ್ದೆ ತಿಂದರೂ ಶುಗರ್ ಏರುವುದಿಲ್ಲ ಎನ್ನುವುದು ಸುಳ್ಳು. ನುಣ್ಣಗೆ ಬೀಸಿದ ಹಿಟ್ಟಿನಲ್ಲಿ ಮಾಡಿದ ಅಂಬಲಿ, ಗಂಜಿ ಇನ್ನೂ ಬೇಗ ಏರಿಸುತ್ತವೆ. ಒಂದು ಸಣ್ಣ ಮುದ್ದೆ, ಪಕ್ಕದಲ್ಲಿ ಅದಕ್ಕಿಂತ ದೊಡ್ಡ ಸೊಪ್ಪಿನ ಉಪ್ಸಾರು ಅಥವಾ ಕಾಳಿನ ಸಾರು. ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ಅಂಗಳದಲ್ಲೋ ಟೆರೇಸಿನಲ್ಲೋ ಓಡಾಡಿದರೆ ಅಂಕಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಸೀಮಂತದ ದಿನ ಐದು ಬಗೆ ಅನ್ನ, ಹೋಳಿಗೆ, ಪಾಯಸ ಎಲೆಗೆ ಬೀಳುತ್ತವೆ. ಬೇಡ ಎನ್ನಲು ಆಗುವುದಿಲ್ಲ. ಒಂದೊಂದು ಚೂರು ರುಚಿ ನೋಡಿ, ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಳ್ಳಿ.

ಎರಡು ವಾರ ಹೀಗೆ ಮಾಡಿಯೂ ಊಟವಾಗಿ ಎರಡು ಗಂಟೆಗೆ 120ರ ಒಳಗೆ ಬರದಿದ್ದರೆ ಮಾತ್ರೆ ಅಥವಾ ಇನ್ಸುಲಿನ್. ‘ಒಂದ್ಸಲ ಇನ್ಸುಲಿನ್ ಶುರುವಾದ್ರೆ ಜೀವನಪೂರ್ತಿ’ ಎಂಬ ಹೆದರಿಕೆಗೆ ಇಲ್ಲಿ ಬುಡವಿಲ್ಲ. ಇದು ಮಾಸು ಇರುವವರೆಗಿನ ಕೊರತೆ ತುಂಬುವ ಸೂಜಿ. ಹೆಚ್ಚಿನವರಿಗೆ ಹೆರಿಗೆಯ ಮೇಲೆ ನಿಲ್ಲುತ್ತದೆ. ಅದು ಮಾಸು ದಾಟುವುದಿಲ್ಲವಾದ್ದರಿಂದ ಮಗುವಿನ ಮೈಗೆ ಸೇರುವ ಭಯವೂ ಇಲ್ಲ.

ಮೈಸೂರಿನ ಲೆಕ್ಕ

1997-98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅಂದರೆ ಊರಿನವರು ಮಿಷನ್ ಆಸ್ಪತ್ರೆ ಎನ್ನುವಲ್ಲಿ, ಎಂಟುನೂರರಷ್ಟು ಬಸುರಿಯರನ್ನು ಪರೀಕ್ಷಿಸಿದ್ದರು. ಸುಮಾರು ಶೇ. 6ರಷ್ಟು ಮಂದಿಗೆ ಜಿಡಿಎಂ ಇತ್ತು. ಸಂಶೋಧಕರು ಅಷ್ಟಕ್ಕೇ ಬಿಡದೆ ತಾಯಿ-ಮಕ್ಕಳಿಬ್ಬರನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. ಐದು ವರ್ಷದ ನಂತರ ನೋಡಿದರೆ, ಆಗ ಜಿಡಿಎಂ ಇದ್ದ ತಾಯಂದಿರಲ್ಲಿ ಶೇ. 37ರಷ್ಟು ಮಂದಿಗೆ ಸಕ್ಕರೆ ಕಾಯಿಲೆ ಬಂದಾಗಿತ್ತು. ಇಲ್ಲದವರಲ್ಲಿ ಶೇ. 2. ಆ ತಾಯಂದಿರ ಮಕ್ಕಳಲ್ಲೂ ಒಂಬತ್ತು-ಹತ್ತು ವರ್ಷಕ್ಕೆ ಕೊಬ್ಬು, ಇನ್ಸುಲಿನ್ ಮೊಂಡುತನ ಬೇರೆ ಮಕ್ಕಳಿಗಿಂತ ಹೆಚ್ಚಿತ್ತು. ಮುಂದೆ ಹೆಣ್ಣುಮಗು ಬಸುರಿಯಾದಾಗ ಅದೇ ಏರು, ಇನ್ನಷ್ಟು ದುರ್ಬಲ ಎಂಜಿನ್ನು.

ಹಾಗಾಗಿ ಹೆರಿಗೆಯಾಗಿ ಆರು ವಾರಕ್ಕೆ ತಾಯಿ ಮತ್ತೆ ಅದೇ 75 ಗ್ರಾಂ ಗ್ಲೂಕೋಸ್ ಕುಡಿದು ಪರೀಕ್ಷೆ ಮಾಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಇದೇ ಎಲ್ಲಕ್ಕಿಂತ ಜಾಸ್ತಿ ತಪ್ಪಿಹೋಗುವ ಪರೀಕ್ಷೆ. ಬಾಣಂತಿ ತವರಿನಲ್ಲಿರುತ್ತಾಳೆ, ಡಾಕ್ಟರ್ ಬೇರೆ ಊರಿನಲ್ಲಿರುತ್ತಾರೆ, ಮನೆತುಂಬ ತುಪ್ಪ, ಅಂಟಿನುಂಡೆ. ಅವಳ ಶುಗರ್ ಯಾರಿಗೆ ನೆನಪಿರುತ್ತದೆ? ಒಂದು ಉಪಾಯ ಇದೆ. ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸುವುದನ್ನು ಯಾರೂ ಮರೆಯುವುದಿಲ್ಲ. ಅದೇ ವಾರ ತಾಯಿಯ ಪರೀಕ್ಷೆಯನ್ನೂ ಇಟ್ಟುಕೊಂಡರಾಯಿತು. ಎದೆಹಾಲು ಕುಡಿಸುವುದರಿಂದ ತಾಯಿಗೂ ಮುಂದೆ ಶುಗರ್ ಬರುವ ಸಾಧ್ಯತೆ ಕಡಿಮೆಯಾಗುತ್ತದೆ. ಬಸಿರಿನಲ್ಲಿ ಶುಗರ್ ಬಂದಿದ್ದು ಆಮೇಲೂ ಅಂಕಿ ಗಡಿಯಲ್ಲೇ ಇದ್ದ ಅಮೆರಿಕದ ಹೆಂಗಸರಲ್ಲಿ ತೂಕ ಇಳಿಸುವುದು ಮತ್ತು ನಡಿಗೆಯಿಂದ ಕಾಯಿಲೆ ಬರುವುದು ಸುಮಾರು ಅರ್ಧಕ್ಕೆ ಇಳಿದಿತ್ತು.

ಎರಡನೇ ಮಗುವಿನ ಯೋಚನೆಯಿದ್ದರೆ, ಬಸುರಿಯಾಗುವ ಮುಂಚೆ ಇನ್ನೊಮ್ಮೆ ಶುಗರ್ ನೋಡಿಸಿಕೊಳ್ಳಿ. ಒಂದು ಸಲ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮುಂದಿನ ಬಸಿರಿನಲ್ಲೂ ಬರುತ್ತದೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ನಡುವೆ ಗೊತ್ತಿಲ್ಲದೆ ಸಕ್ಕರೆ ಕಾಯಿಲೆ ಬಂದು ಕೂತಿದ್ದರೆ ಅದು ಐದನೇ ತಿಂಗಳವರೆಗೆ ಕಾಯುವುದಿಲ್ಲ. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರದಲ್ಲಿ. ಆಗ ಸಕ್ಕರೆ ಹೆಚ್ಚಿದ್ದರೆ ಅವುಗಳಲ್ಲೇ ದೋಷ ಆಗಬಹುದು. ಮುಟ್ಟು ನಿಂತಿತು, ಟೆಸ್ಟ್ ಮಾಡಿದೆವು, ಡಾಕ್ಟರ ಹತ್ತಿರ ಹೋದೆವು ಎನ್ನುವಷ್ಟರಲ್ಲಿ ಆ ಎಂಟು ವಾರದಲ್ಲಿ ಹೆಚ್ಚಿನವು ಕಳೆದಿರುತ್ತವೆ.